ಆಧಾರ್ ಇಲ್ಲದ 16ರ ಹುಡುಗಿಗೆ ಬ್ಯಾಂಕ್ ಖಾತೆ ಮಾಡಿಸುವುದು ಹೇಗೆ?

ಪ್ರಶ್ನೆ (ಹಳೇ ಹುಬ್ಬಳ್ಳಿಯಿಂದ)

ನಮಸ್ಕಾರ ಸರ್. ನನ್ನ ಅಕ್ಕನ ಮಗಳು ನಮ್ಮ ಮನೆಯಲ್ಲಿದ್ದುಕೊಂಡು ಪಿಯುಸಿ ಮೊದಲ ವರ್ಷ ಓದುತ್ತಿದ್ದಾಳೆ. 16 ತುಂಬಿದೆ. ಅವಳ ಅಪ್ಪ ಇಲ್ಲ. ಅಕ್ಕ ಗೋವಾದಲ್ಲಿ ಕಟ್ಟಡದ ಕೆಲಸಕ್ಕೆ ಹೋಗುತ್ತಾಳೆ, ಪಂಚಮಿಗೆ ಮಾತ್ರ ಊರಿಗೆ ಬರುತ್ತಾಳೆ. ಹುಡುಗಿ ಹುಟ್ಟಿದ್ದು ಅಲ್ಲೇ ಕೂಲಿಯವರ ಶೆಡ್ಡಿನಲ್ಲಿ. ಜನನ ಪ್ರಮಾಣಪತ್ರ ಇಲ್ಲ, ಆಧಾರ್ ಮಾಡಿಸಿಯೇ ಇಲ್ಲ. ಇರುವುದು ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್, ಟಿಸಿ, ಕಾಲೇಜಿನ ಐಡಿ ಕಾರ್ಡ್, ಅಷ್ಟೇ.

ರಾತ್ರಿ ನನ್ನ ಜೊತೆ ಕೂತು ಸೀರೆಗೆ ಕಸೂತಿ ಹಾಕುತ್ತಾಳೆ. ನನಗಿಂತ ಅವಳ ಕೈ ಚೊಕ್ಕ. ಸೆರಗು ತಿರುಗಿಸಿ ನೋಡಿದರೂ ಗಂಟು ಕಾಣಲ್ಲ. ಸೀರೆ ಕೊಡುವವರು ಅವಳ ದುಡ್ಡನ್ನೂ ನನ್ನ ಖಾತೆಗೇ ಹಾಕುತ್ತಾರೆ. ಹೋದ ತಿಂಗಳು ಅವಳ 1,800 ರೂಪಾಯಿ ಬಂತು, ಮರುದಿನವೇ ನಮ್ಮ ಗಾಡಿ ಸಾಲದ ಕಂತು ಅದನ್ನು ನುಂಗಿಕೊಂಡು ಹೋಯಿತು. ಅವಳು ಏನೂ ಅನ್ನಲಿಲ್ಲ. ನನಗೇ ಅವಳ ಮುಖ ನೋಡಲು ಆಗಲಿಲ್ಲ.

ಒಂದು ಬ್ಯಾಂಕಿಗೆ ಹೋದೆವು. ಕೌಂಟರಿನವರು ನಾವು ತಂದಿದ್ದ ಕಾಗದ ಬಿಚ್ಚುವ ಮೊದಲೇ "ಆಧಾರ್ ಇಲ್ಲಂದ್ರ ಆಗೂದಿಲ್ರೀ ಅಕ್ಕಾರ" ಎಂದುಬಿಟ್ಟರು. ನಿಜವಾಗಿಯೂ ದಾರಿ ಇಲ್ವಾ?

ಉತ್ತರ (ನಿವೃತ್ತ ಬ್ಯಾಂಕ್ ಮ್ಯಾನೇಜರ್, ಧಾರವಾಡ)

ದಾರಿ ಇದೆ ತಂಗೆವ್ವಾ. ಒಂದಲ್ಲ, ಎರಡು. ಆದರೆ ಎರಡಕ್ಕೂ ಹಿಂದೆ ಇನ್ನೊಂದು ಕೆಲಸ ಕಾಯುತ್ತಿದೆ, ಅದನ್ನು ಕೊನೆಗೆ ಹೇಳುತ್ತೇನೆ. ನನಗೆ ಖಾತೆಗಿಂತ ಅದರದ್ದೇ ಚಿಂತೆ ಜಾಸ್ತಿ.

ವಯಸ್ಸು ತೊಡಕೇ ಅಲ್ಲ. 10 ವರ್ಷ ತುಂಬಿದ ಮಕ್ಕಳು ತಮ್ಮದೇ ಹೆಸರಿನಲ್ಲಿ ಉಳಿತಾಯ ಖಾತೆ ತೆರೆದು ತಾವೇ ನಡೆಸಬಹುದು ಎಂದು ರಿಸರ್ವ್ ಬ್ಯಾಂಕ್ 2014ರಲ್ಲೇ ಹೇಳಿತ್ತು. 2025ರ ಏಪ್ರಿಲ್‌ನಲ್ಲಿ ಅದನ್ನೇ ಮತ್ತೆ ಸ್ಪಷ್ಟ ಮಾಡಿದೆ. ಎಷ್ಟು ಮೊತ್ತದವರೆಗೆ, ಎಟಿಎಂ ಕಾರ್ಡ್ ಕೊಡಬೇಕೋ ಬೇಡವೋ ಅನ್ನುವುದು ಆಯಾ ಬ್ಯಾಂಕಿನ ತೀರ್ಮಾನ. ಸಾಲವಾಗಿ ಮೈನಸ್‌ಗೆ ಹೋಗಲು ಮಾತ್ರ ಬಿಡುವುದಿಲ್ಲ.

ತೊಡಕು ಇರುವುದು ಗುರುತಿನ ದಾಖಲೆಯಲ್ಲಿ. ಬ್ಯಾಂಕಿನ ಲೆಕ್ಕಕ್ಕೆ ಬರುವವು ಪಾಸ್‌ಪೋರ್ಟ್, ಡ್ರೈವಿಂಗ್ ಲೈಸೆನ್ಸ್, ವೋಟರ್ ಐಡಿ, ಆಧಾರ್, ಅಧಿಕಾರಿ ಸಹಿ ಇರುವ ನರೇಗಾ ಜಾಬ್ ಕಾರ್ಡ್ ಮತ್ತು ಜನಸಂಖ್ಯಾ ನೋಂದಣಿಯ ಪತ್ರ. 16ರ ಹುಡುಗಿಗೆ ಇವುಗಳಲ್ಲಿ ಎಷ್ಟು ಸಿಗುತ್ತವೆ ನೀವೇ ಹೇಳಿ. ವೋಟರ್ ಐಡಿಗೆ, ಕಾರಿನ ಲೈಸೆನ್ಸಿಗೆ, ಜಾಬ್ ಕಾರ್ಡಿಗೆ 18 ಆಗಬೇಕು. ರೇಷನ್ ಕಾರ್ಡ್ ಈ ಪಟ್ಟಿಯಲ್ಲಿಲ್ಲ, ಕಾಲೇಜಿನ ಐಡಿಯೂ ಇಲ್ಲ. ಮಾರ್ಕ್ಸ್ ಕಾರ್ಡ್ ಹುಟ್ಟಿದ ದಿನಕ್ಕೆ ಸಾಕ್ಷಿ, ಮನುಷ್ಯನ ಗುರುತಿಗಲ್ಲ. ಹಾಗಾಗಿ ಆ ಕೌಂಟರಿನವರು ಹೇಳಿದ್ದು ಪೂರ್ತಿ ಸುಳ್ಳಲ್ಲ. ಅರ್ಧಕ್ಕೆ ನಿಲ್ಲಿಸಿದರು, ಅಷ್ಟೇ.

ಉಳಿದ ಅರ್ಧದ ಹೆಸರು ಸ್ಮಾಲ್ ಅಕೌಂಟ್. ಈ ದಾಖಲೆಗಳು ಯಾವುವೂ ಇಲ್ಲದವರಿಗೆಂದೇ ಇರುವ ಖಾತೆ ಇದು. ಫೋಟೊ ಕೊಡಬೇಕು, ಬ್ಯಾಂಕ್ ಅಧಿಕಾರಿಯ ಕಣ್ಣೆದುರು ಸಹಿ ಅಥವಾ ಹೆಬ್ಬೆಟ್ಟು ಹಾಕಬೇಕು. ತನ್ನ ಮುಂದೆಯೇ ಸಹಿ ಆಯಿತು ಎಂದು ಅವರು ಬರೆದುಕೊಡುತ್ತಾರೆ. ಆದ್ದರಿಂದ ಮನೆಯಲ್ಲಿ ಸಹಿ ಹಾಕಿಸಿಕೊಂಡು ನೀವೊಬ್ಬರೇ ಹೋಗಬೇಡಿ, ಅವಳನ್ನೇ ಕರೆದುಕೊಂಡು ಹೋಗಿ. ಕೌಂಟರಿನಲ್ಲಿ "ಝೀರೋ ಬ್ಯಾಲೆನ್ಸ್ ಖಾತೆ" ಎಂದು ಕೇಳಿದರೆ ಮತ್ತೆ ಆಧಾರ್ ಕೇಳುತ್ತಾರೆ. "ಸ್ಮಾಲ್ ಅಕೌಂಟ್" ಎಂದೇ ಹೇಳಿ. ಹೊಸ ಹುಡುಗರಿಗೆ ಗೊತ್ತಿರಲಿಕ್ಕಿಲ್ಲ, ನೇರ ಮ್ಯಾನೇಜರ್ ಹತ್ತಿರ ಹೋಗಿ.

ಇದಕ್ಕೆ ಮಿತಿ ಇದೆ. ಹಣಕಾಸು ವರ್ಷವೊಂದರಲ್ಲಿ ಒಟ್ಟು ಜಮಾ 1 ಲಕ್ಷ ದಾಟಬಾರದು, ತಿಂಗಳಿಗೆ ತೆಗೆಯುವುದು, ಕಳಿಸುವುದು ಸೇರಿ 10,000 ದಾಟಬಾರದು, ಖಾತೆಯಲ್ಲಿ ಯಾವತ್ತೂ 50,000ಕ್ಕಿಂತ ಹೆಚ್ಚು ಇರಬಾರದು. ಕಸೂತಿ ದುಡ್ಡಿಗೆ ಇಷ್ಟು ಸಾಕು ಅಲ್ವಾ?

ಇನ್ನೊಂದು ಮುಖ್ಯ ಮಾತು. ಈ ಖಾತೆಗೆ ಆಯುಷ್ಯ 12 ತಿಂಗಳು. ಅಷ್ಟರೊಳಗೆ ಆಧಾರ್‌ಗೋ ಬೇರೆ ದಾಖಲೆಗೋ ಅರ್ಜಿ ಹಾಕಿದ್ದೀರಿ ಎಂದು ತೋರಿಸಿದರೆ ಇನ್ನೂ 12 ತಿಂಗಳು ಸಿಗುತ್ತದೆ. ಆಧಾರ್ ಕೇಂದ್ರದಲ್ಲಿ ಕೊಡುವ ನೋಂದಣಿ ಚೀಟಿ ಇದೆಯಲ್ಲ, ಅದೇ ಸಾಕ್ಷಿ. ಎಷ್ಟೋ ಜನ ಅದನ್ನು ಬಸ್ ಟಿಕೆಟ್ ಥರ ಎಸೆದುಬಿಡುತ್ತಾರೆ.

ಎರಡನೇ ದಾರಿ, ನಿಮ್ಮ ಅಕ್ಕ. ತಾಯಿ ಪಾಲಕಿಯಾಗಿ ಮಗಳ ಹೆಸರಿನಲ್ಲಿ ಖಾತೆ ತೆರೆಯಬಹುದು. ಆಗ ಬ್ಯಾಂಕು ಮುಖ್ಯವಾಗಿ ನೋಡುವುದು ತಾಯಿಯ ದಾಖಲೆ, ಮಗಳದ್ದು ಹುಟ್ಟಿದ ದಿನ. ತೆರೆಯುವುದು ಇದೇ ಸುಲಭ. ಆದರೆ ಪ್ರತಿ ಸಲ ದುಡ್ಡು ತೆಗೆಯಲು ತಾಯಿಯ ಸಹಿ ಬೇಕು, ತಾಯಿ ಇರುವುದು ಗೋವಾದಲ್ಲಿ. ಅದಕ್ಕೇ ನನ್ನ ಓಟು ಸ್ಮಾಲ್ ಅಕೌಂಟಿಗೆ. ನೀವು ಚಿಕ್ಕಮ್ಮ. ಮನೆಯಲ್ಲಿಟ್ಟು ಸಾಕಿದರೂ ಕಾನೂನಿನ ಕಣ್ಣಲ್ಲಿ ಪಾಲಕರಲ್ಲ, ಬೇಜಾರು ಮಾಡಿಕೊಳ್ಳಬೇಡಿ.

ಈಗ ನನ್ನ ಚಿಂತೆಯ ಮಾತು. ಅವಳಿಗೆ 18 ತುಂಬುವ ಮೊದಲು ಆಧಾರ್ ಮಾಡಿಸಿ. 18 ದಾಟಿದವರ ಹೊಸ ನೋಂದಣಿ ರಾಜ್ಯ ಸರ್ಕಾರದ ಪರಿಶೀಲನೆಗೆ ಹೋಗುತ್ತದೆ, ಇಷ್ಟು ದಿನ ಯಾಕೆ ಮಾಡಿಸಲಿಲ್ಲ ಎಂಬಲ್ಲಿಂದ ಶುರುವಾಗಿ ತಿಂಗಳುಗಟ್ಟಲೆ ಎಳೆಯುತ್ತದೆ. ಈಗಾದರೆ ಪಂಚಮಿಗೆ ಬಂದ ತಾಯಿಯನ್ನು ಕರೆದುಕೊಂಡು ಹೋದರೆ ಸಾಕು. ಅಕ್ಕ ಊರಿಗೆ ಬರುವ ಮೊದಲೇ ಒಂದು ಕಾಗದ ತಯಾರು ಮಾಡಿಟ್ಟುಕೊಳ್ಳಿ. ಆಧಾರ್‌ನವರದ್ದೇ ಒಂದು ನಮೂನೆಯ ಸರ್ಟಿಫಿಕೇಟ್ ಇದೆ. ತಹಶೀಲ್ದಾರರು, ಶಾಸಕರು, ಪಾಲಿಕೆ ಸದಸ್ಯರು, ಮಾನ್ಯತೆ ಇರುವ ಕಾಲೇಜಿನ ಮುಖ್ಯಸ್ಥರು ಅದಕ್ಕೆ ಸಹಿ ಹಾಕಬಹುದು. ನಿಮಗೆ ಪ್ರಿನ್ಸಿಪಾಲರೇ ಹತ್ತಿರ. ಫೋಟೊ ಅಂಟಿಸಿ, ಸಹಿ ಮತ್ತು ಸೀಲು ಅರ್ಧ ಫೋಟೊ ಮೇಲೆ, ಅರ್ಧ ಕಾಗದದ ಮೇಲೆ ಬೀಳಬೇಕು. ಪಕ್ಕದಲ್ಲಿ ಚಂದವಾಗಿ ಸೀಲು ಹೊಡೆದು ಕೊಟ್ಟರೆ ಕೇಂದ್ರದವರು ವಾಪಸ್ ಕಳಿಸುತ್ತಾರೆ. ಅದು ನಡೆಯುವುದು 3 ತಿಂಗಳು ಮಾತ್ರ, ತೀರಾ ಮುಂಚೆ ಮಾಡಿಸಬೇಡಿ. ಹುಟ್ಟಿದ ದಿನಕ್ಕೆ ಮಾರ್ಕ್ಸ್ ಕಾರ್ಡ್ ನಡೆಯುತ್ತದೆ. ಹೊಸ ನೋಂದಣಿಗೆ ದುಡ್ಡಿಲ್ಲ, ಯಾರಾದರೂ ಕೇಳಿದರೆ ಆಧಾರ್ ಸಹಾಯವಾಣಿ 1947ಕ್ಕೆ ಫೋನ್ ಮಾಡಿ.

ಆಧಾರ್ ಬಂದ ಮೇಲೆ ಬ್ಯಾಂಕಿಗೆ ಕೊಟ್ಟು ಖಾತೆಗೆ ಜೋಡಿಸಿ. ಸ್ಕಾಲರ್‌ಶಿಪ್ ದುಡ್ಡು ಆಧಾರ್ ಜೋಡಿಸಿದ ಖಾತೆಗೇ ಬೀಳುವುದು. ಅಲ್ಲಿಯವರೆಗೆ ಅದಕ್ಕೆ ಕಾಯಬೇಕಾಗುತ್ತದೆ, ಕಸೂತಿ ದುಡ್ಡಿಗೆ ಮಾತ್ರ ಕಾಯುವುದು ಬೇಡ.

ಗದಗಿನಿಂದ ಒಬ್ಬರು

ಇಷ್ಟೆಲ್ಲ ಯಾಕೆ ಸರ್? ಆಧಾರ್ ಮಾಡಿಸುವಾಗ ಎರಡು ವರ್ಷ ಜಾಸ್ತಿ ಬರೆಸಿ, 18 ಅಂತ ತೋರಿಸಿಬಿಟ್ಟರೆ ಮುಗೀತಲ್ಲ. ನಮ್ಮೂರಲ್ಲಿ ಮಾಡಿದ್ದಾರೆ.

ಉತ್ತರ

ತಮ್ಮಾ, ಅವಳ ಮಾರ್ಕ್ಸ್ ಕಾರ್ಡಿನಲ್ಲಿ ಒಂದು ದಿನಾಂಕ ಇದೆ. ಆಧಾರ್‌ನಲ್ಲಿ ಇನ್ನೊಂದು ಬಂದರೆ ಸ್ಕಾಲರ್‌ಶಿಪ್, ಪಾಸ್‌ಪೋರ್ಟ್, ನೌಕರಿ, ಎಲ್ಲ ಕಡೆ ಅವಳೇ ನಿಂತು ಉತ್ತರ ಕೊಡಬೇಕು. ಆಧಾರ್‌ನಲ್ಲಿ ಹುಟ್ಟಿದ ದಿನ ತಿದ್ದಲು ಸಿಗುವುದು ಒಂದೇ ಅವಕಾಶ. ನಾನು ಕೆಲಸದಲ್ಲಿದ್ದಾಗ ಇಂಥ ಎರಡು ದಿನಾಂಕದವರು ಕೌಂಟರ್ ಮುಂದೆ ಕಣ್ಣೀರು ಹಾಕಿದ್ದನ್ನು ನೋಡಿದ್ದೇನೆ. ಬೇಡ.

ಹಾವೇರಿ ಜಿಲ್ಲೆಯಿಂದ, ಒಬ್ಬ ಅಜ್ಜಿ (ಮೊಮ್ಮಗಳು ಬರೆದಿದ್ದು)

ನನ್ನ ಮೊಮ್ಮಗನಿಗೆ 13. ತಂದೆ ತಾಯಿ ಇಬ್ಬರೂ ಇಲ್ಲ. ಆಧಾರ್ ಇದೆ, ಆದರೆ ಬ್ಯಾಂಕಿನಲ್ಲಿ ಬೆರಳು ಇಟ್ಟರೆ ಹೊಂದುತ್ತಿಲ್ಲ. ನಾನು ಸಹಿ ಹಾಕಿದರೆ ನಡೆಯುತ್ತಾ?

ಉತ್ತರ

ಅವ್ವಾ, ಬೆರಳಿನದು ಸಣ್ಣ ವಿಷಯ. ಕೂಸು ಇದ್ದಾಗ ಮಾಡಿಸಿದ ಆಧಾರ್‌ಗೆ ಬೆರಳಚ್ಚು ತೆಗೆದಿರುವುದೇ ಇಲ್ಲ. 5 ವರ್ಷಕ್ಕೆ ಒಮ್ಮೆ, 15ಕ್ಕೆ ಮತ್ತೊಮ್ಮೆ ಕೊಡಬೇಕು. ಮೊದಲನೆಯದು ತಪ್ಪಿರಬೇಕು. ಹುಡುಗನನ್ನು ಕೇಂದ್ರಕ್ಕೆ ಕಳಿಸಿ, ಹಾಕಿಸಿಕೊಂಡು ಬರಲಿ.

ನಿಮ್ಮ ಸಹಿಯ ಮಾತು ಬೇರೆ. ಅಜ್ಜಿ ಪಾಲಕಿ ಆಗಬೇಕಾದರೆ ಕೋರ್ಟಿನ ಆದೇಶ ಬೇಕು. ಬರೀ ಖಾತೆಗಾಗಿ ಅಷ್ಟು ದೂರ ಹೋಗಬೇಡಿ. ಅವನಿಗೆ 10 ದಾಟಿದೆ, ಆಧಾರ್ ಇದೆ, ಅವನ ಹೆಸರಿನಲ್ಲೇ ತೆರೆಯಲಿ. ಅಂಚೆ ಕಚೇರಿಯಲ್ಲೂ 10 ದಾಟಿದವರಿಗೆ ಖಾತೆ ಇದೆ, ಕನಿಷ್ಠ 500 ರೂಪಾಯಿ ಇಡಬೇಕು. ಹೊಲ ಮನೆ ಹುಡುಗನ ಹೆಸರಿಗೆ ಇದ್ದರೆ ಮಾತ್ರ ವಕೀಲರನ್ನು ಕೇಳಿ. ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೂ ಒಮ್ಮೆ ಹೋಗಿ ಬನ್ನಿ, ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿದರೂ ದಾರಿ ಹೇಳುತ್ತಾರೆ.

ಹಳೇ ಹುಬ್ಬಳ್ಳಿಯ ಅಕ್ಕ, ಮತ್ತೆ

ತುಂಬಾ ಉಪಕಾರ ಆಯಿತು ಸರ್. ಪ್ರಿನ್ಸಿಪಾಲರನ್ನು ನಾಳೆಯೇ ಕೇಳುತ್ತೇವೆ. ಎರಡು ಅನುಮಾನ. ಮ್ಯಾನೇಜರ್ ಕೂಡ ಆಗಲ್ಲ ಅಂದರೆ? ಮತ್ತೆ, ಅವಳು ಈಗಲೇ ನೋಟ್‌ಬುಕ್ಕಿನಲ್ಲಿ ಸಹಿ ಹಾಕಿ ಹಾಕಿ ನೋಡುತ್ತಿದ್ದಾಳೆ. ಕನ್ನಡದಲ್ಲಿ ನಡೆಯುತ್ತಾ, ಇಂಗ್ಲಿಷೇ ಬೇಕಾ?

ಉತ್ತರ

ಆಗಲ್ಲ ಅಂದರೆ ಜಗಳ ಬೇಡ. ಅರ್ಜಿಯನ್ನು ಕಾಗದದಲ್ಲಿ ಬರೆದು ಕೊಟ್ಟು, ನಿಮ್ಮ ಪ್ರತಿಗೆ ಸೀಲು ಹಾಕಿಸಿಕೊಳ್ಳಿ. ಕಾಗದ ಕೈಗೆ ಬಂದ ಮೇಲೆ ಅರ್ಧ ಜನ ದಾರಿಗೆ ಬರುತ್ತಾರೆ. ಬರದಿದ್ದರೆ ಆ ಬ್ಯಾಂಕಿಗೇ ದೂರು ಕೊಡಿ. 30 ದಿನದಲ್ಲಿ ಉತ್ತರ ಬರದಿದ್ದರೆ ಅಥವಾ ಬಂದ ಉತ್ತರ ಸರಿ ಅನ್ನಿಸದಿದ್ದರೆ ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ಇದ್ದಾರೆ, 14448ಕ್ಕೆ ಕೇಳಿದರೆ ದೂರು ಹಾಕುವುದು ಹೇಗೆಂದು ಹೇಳುತ್ತಾರೆ. ಇಲ್ಲವೇ ಸುಮ್ನೆ ಪಕ್ಕದ ಬ್ಯಾಂಕಿಗೆ ಹೋಗಿ. ನಾನಾದರೆ ಮೊದಲು ಅದನ್ನೇ ಮಾಡುತ್ತಿದ್ದೆ.

ಸಹಿ ಕನ್ನಡದಲ್ಲೇ ಇರಲಿ. ಪ್ರತಿ ಸಲವೂ ಒಂದೇ ಥರ ಬಂದರೆ ಆಯಿತು. 18 ತುಂಬಿದ ಮೇಲೆ ಬ್ಯಾಂಕಿನವರು ಹೊಸದಾಗಿ ಸಹಿ ತೆಗೆದುಕೊಳ್ಳುತ್ತಾರೆ, ಆಗ ಬೇಕಾದರೆ ಬದಲಾಯಿಸಿಕೊಳ್ಳಲಿ. ಗಂಟು ಕಾಣದ ಹಾಗೆ ಕಸೂತಿ ಹಾಕುವ ಕೈಗೆ ಇದೇನು ಕಷ್ಟ ಬಿಡಿ.