ಪಾಸ್ಟರ್ ಅವರನ್ನು ಕೇಳಿ: ಪ್ರಾರ್ಥಿಸುವುದು, ಕಾಯುವುದು (ಸಭೆಯ ಫೋನ್ ಗ್ರೂಪಿನ ಮಾತುಕತೆ)

ಹೊಸಬ: ಪಾಸ್ಟರ್, ಒಂದೇ ವಿಷಯಕ್ಕೆ ಎಷ್ಟು ಸಲ ಪ್ರಾರ್ಥಿಸಬೇಕು? ಎರಡು ವರ್ಷದಿಂದ ಕೆಲಸಕ್ಕಾಗಿ ಬೇಡುತ್ತಿದ್ದೇನೆ.

ಪಾಸ್ಟರ್: ಲೆಕ್ಕ ಇಲ್ಲ ಬ್ರದರ್. ಬೈಬಲ್‌ನಲ್ಲಿ ಲೂಕ 18ರ ವಿಧವೆ ನ್ಯಾಯಾಧಿಪತಿಯ ಬೆನ್ನು ಬಿಡಲಿಲ್ಲ, ನ್ಯಾಯ ಸಿಕ್ಕಿತು. ಅಪೊಸ್ತಲ ಪೌಲ ತನ್ನನ್ನು ಮುಳ್ಳಿನಂತೆ ಕಾಡುತ್ತಿದ್ದ ಕಷ್ಟ ಹೋಗಲಿ ಎಂದು ಮೂರು ಸಲ ಬೇಡಿದ, ಅದು ಹೋಗಲಿಲ್ಲ. ‘ನನ್ನ ಕೃಪೆಯೇ ನಿನಗೆ ಸಾಕು’ ಎಂಬ ಉತ್ತರ ಬಂತು. ಬೇಡುತ್ತಿರಿ, ಅರ್ಜಿನೂ ಹಾಕುತ್ತಿರಿ.

ಸದಸ್ಯ: ಈ ಪ್ರಾರ್ಥನೆಯನ್ನು 21 ಜನರಿಗೆ ಕಳಿಸಿ. 7 ದಿನದಲ್ಲಿ ಅದ್ಭುತ! 🙏🙏

ಪಾಸ್ಟರ್: ಈ ವಾರ ಇದು ನಾಲ್ಕನೇ ಸಲ. ದೇವರು ಫಾರ್ವರ್ಡ್ ಎಣಿಸುತ್ತಾ ಕೂತಿಲ್ಲ. ಪ್ರಾರ್ಥನೆಯಲ್ಲಿ ಸುಮ್ಮನೆ ಮಾತು ಬೆಳೆಸಬೇಡಿ ಎನ್ನುವ ಮತ್ತಾಯ 6:7 ಓದಿ, ಇದನ್ನು ಅಳಿಸಿ.

ಮಗಳು: ಅಯ್ಯಾ, ಅಮ್ಮನಿಗೆ ಸಕ್ಕರೆ ಕಾಯಿಲೆ. ಪ್ರಾರ್ಥನಾ ಕೂಟದಲ್ಲಿ ಒಬ್ಬರು ‘ಸೂಜಿ ಚುಚ್ಚಿಕೊಂಡರೆ ನಂಬಿಕೆ ಇಲ್ಲ ಅಂತ ಅರ್ಥ’ ಎಂದರಂತೆ. ಮೂರು ದಿನದಿಂದ ಇನ್ಸುಲಿನ್ ಬಿಟ್ಟಿದ್ದಾರೆ. ಇವತ್ತು ವಾಂತಿ, ಏಳುವುದಕ್ಕೂ ಆಗುತ್ತಿಲ್ಲ. ನನಗೆ ಭಯ. ನನ್ನ ನಂಬಿಕೆಯೂ ಕಮ್ಮಿನಾ?

ಪಾಸ್ಟರ್: ಸಿಸ್ಟರ್, ಈಗಲೇ ಆಸ್ಪತ್ರೆಗೆ ಹೊರಡಿ. ಇನ್ಸುಲಿನ್ ಬಿಟ್ಟು ವಾಂತಿ ಶುರುವಾದರೆ ಜೀವಕ್ಕೇ ಅಪಾಯ. ಉಳಿದದ್ದನ್ನು ದಾರಿಯಲ್ಲಿ ಅಮ್ಮನಿಗೆ ಓದಿ ಹೇಳಿ.

ಸಾಯುವಷ್ಟು ಕಾಯಿಲೆ ಬಿದ್ದಿದ್ದ ಅರಸ ಹಿಜ್ಕೀಯ ಗೋಡೆ ಕಡೆ ಮುಖ ತಿರುಗಿಸಿ ಅತ್ತು ಪ್ರಾರ್ಥಿಸಿದ. ದೇವರು 15 ವರ್ಷ ಆಯುಸ್ಸು ಕೊಡುತ್ತೇನೆ ಎಂದ. ಆಮೇಲೆ ಪ್ರವಾದಿ ಯೆಶಾಯ ಏನು ಮಾಡಿಸಿದ? ಅಂಜೂರದ ಉಂಡೆ ತರಿಸಿ ಹುಣ್ಣಿಗೆ ಹಚ್ಚಿಸಿದ. ಮಾತು ಕೊಟ್ಟ ಮೇಲೂ ಮದ್ದು ಬೇಡ ಅನ್ನಲಿಲ್ಲ. ಪೌಲನ ಜೊತೆಗಾರ ಲೂಕನೇ ವೈದ್ಯ.

ನಿಮ್ಮ ನಂಬಿಕೆ ವಿಷಯ. ಮಾರ್ಕ 9ರಲ್ಲಿ ನರಳುತ್ತಿದ್ದ ಮಗನನ್ನು ಕರೆತಂದ ಒಬ್ಬ ತಂದೆ ‘ನಂಬುತ್ತೇನೆ, ನನಗೆ ನಂಬಿಕೆ ಸಾಲದು, ಸಹಾಯ ಮಾಡು’ ಎಂದು ಕೂಗಿದ. ಯೇಸು ಅವನನ್ನು ಪರೀಕ್ಷೆ ಮಾಡುತ್ತಾ ಕೂರಲಿಲ್ಲ, ಮಗನ ಕೈ ಹಿಡಿದು ಎಬ್ಬಿಸಿದ. ಭಯಪಡುತ್ತಲೇ ಪ್ರಾರ್ಥಿಸಿ. ಅಮ್ಮ ಹಟ ಮಾಡಿದರೆ ಅವರ ಕೈಗೆ ಫೋನ್ ಕೊಡಿ.

ಹಿರಿಯರು: ಎಲ್ಲ ಸರಿ ಪಾಸ್ಟರ್. ಆದರೆ ಈಗಿನವರು ಗಟ್ಟಿಯಾಗಿ ಕೂಗಿ ಪ್ರಾರ್ಥಿಸುವುದೇ ಇಲ್ಲ. ಉತ್ತರ ಎಲ್ಲಿಂದ ಬರಬೇಕು?

ಸದಸ್ಯೆ: ಬೈಬಲ್‌ನಲ್ಲಿ ಮಗುವಿಗಾಗಿ ಬೇಡಿದ ಹನ್ನಳ ತುಟಿ ಮಾತ್ರ ಅಲ್ಲಾಡಿತು ಅಂಕಲ್. ಸಮುವೇಲ ಹುಟ್ಟಲಿಲ್ವಾ? ಕುಡಿದಿದ್ದಾಳೆ ಅಂದುಕೊಂಡವನು ಯಾಜಕ ಏಲಿ.

ಹಿರಿಯರು: ನನ್ನನ್ನು ಏಲಿ ಅನ್ನುತ್ತೀಯೇನಮ್ಮಾ? 30 ವರ್ಷದಿಂದ ಸಭೆಯಲ್ಲಿದ್ದೇನೆ.

ಸದಸ್ಯೆ: ಏಲಿ 40 ವರ್ಷ ಇದ್ದ.

ಇನ್ನೊಬ್ಬ ಸದಸ್ಯೆ: ಕ್ಷಮಿಸಲು ಆಗದವರಿಗಾಗಿ ಹೇಗೆ ಪ್ರಾರ್ಥಿಸುವುದು ಪಾಸ್ಟರ್? ಅವರ ಹೆಸರು ಹೇಳಲು ಬಾಯೇ ಬರುವುದಿಲ್ಲ.

ಮತ್ತೊಬ್ಬ: ಒಂದು ವಿಷಯಕ್ಕೆ ಎಷ್ಟು ಸಲ ಪ್ರಾರ್ಥಿಸಬೇಕು?

ಪಾಸ್ಟರ್: ಮೇಲಿದೆ. ಓದಿ.

ಸದಸ್ಯ: ಪಾಸ್ಟರ್, ಆ 21 ಜನರದ್ದು ನನ್ನ ಭಾವನಿಗೆ ನಿಜವಾಗಲೂ ಕೆಲಸ ಮಾಡಿದೆ.

ಪಾಸ್ಟರ್: ಇನ್ನೊಮ್ಮೆ ಹಾಕಿದರೆ ಗ್ರೂಪಿನಿಂದ ತೆಗೆಯುತ್ತೇನೆ. ಸಿಸ್ಟರ್, ಹೊರಟಿರಾ? ಉತ್ತರ ಕೊಡಿ.

ಮಗಳು: ದಾರಿಯಲ್ಲಿದ್ದೇವೆ. ಫೋನ್ ಅಮ್ಮನ ಕೈಯಲ್ಲಿದೆ. ನೀವೇ ಹೇಳಬೇಕಂತೆ.

ಪಾಸ್ಟರ್: ಕರೆ ಮಾಡುತ್ತಿದ್ದೇನೆ. ಯಾರೂ ಏನೂ ಹಾಕಬೇಡಿ.

ಹಿರಿಯರು: ಏಲಿ ಮಾತು ಇನ್ನೂ ಮುಗಿದಿಲ್ಲ.