ಥೈರಾಯ್ಡ್ ಪೂರ್ತಿ ತೆಗೆಸಿದ ಮೇಲೆ ಕ್ಯಾಲ್ಸಿಯಂ ಇಳಿಯುತ್ತದಂತೆ, ಅನುಭವ ಇದ್ದವರು ಹೇಳಿ

ತುಮಕೂರು ರಸ್ತೆ:
ಹೆಂಡತಿಗೆ ಗ್ರೇವ್ಸ್ ಕಾಯಿಲೆ, ಥೈರಾಯ್ಡ್ ಅತಿಯಾಗಿ ಕೆಲಸ ಮಾಡುತ್ತದೆ. ಮಾತ್ರೆಯಿಂದ ಹತೋಟಿಗೆ ಬರುತ್ತಿಲ್ಲ. ಕಣ್ಣು ಉಬ್ಬಿರುವುದರಿಂದ ರೇಡಿಯೋ ಅಯೋಡಿನ್ ಬೇಡ, ಆಪರೇಷನ್ ಮಾಡಿಸಿ ಎಂದಿದ್ದಾರೆ. ಒಬ್ಬ ಸರ್ಜನ್ ಕತ್ತಿನ ಮುಂದೆ ಕೊಯ್ದು ತೆಗೆಯುತ್ತಾರೆ. ಇನ್ನೊಬ್ಬರು ಕೆಳತುಟಿಯ ಒಳಗಿನಿಂದ ಕ್ಯಾಮೆರಾ ತೂರಿಸಿ, ಹೊರಗೆ ಕಲೆಯೇ ಕಾಣದಂತೆ ಮಾಡುತ್ತಾರಂತೆ. ಕ್ಯಾಲ್ಸಿಯಂ ತೊಂದರೆ ಯಾವುದರಲ್ಲಿ ಕಡಿಮೆ?

ಶಿರಸಿ ಕಡೆಯವಳು:
ನನ್ನದು ಪ್ಯಾಪಿಲರಿ ಕ್ಯಾನ್ಸರ್. ಥೈರಾಯ್ಡ್ ಜೊತೆಗೆ ಕತ್ತಿನ ನಡುಭಾಗದ ದುಗ್ಧಗ್ರಂಥಿಗಳನ್ನೂ ತೆಗೆದರು. ಎಲ್ಲ ಚೆನ್ನಾಗಿ ಆಯಿತು ಎಂದು ಸರ್ಜನ್ ಬಂದು ಹೇಳಿ ಹೋದರು. ಮಾರನೆಯ ರಾತ್ರಿ ತುಟಿಯ ಸುತ್ತ ಇರುವೆ ಹರಿದಾಡಿದಂತೆ ಜುಮುಗುಟ್ಟತೊಡಗಿತು. ಹೆಬ್ಬೆರಳು ಅಂಗೈಯೊಳಗೆ ಮಡಚಿಕೊಂಡಿತು, ಬಿಡಿಸಲು ಬರಲಿಲ್ಲ. ಬಿ.ಪಿ. ನೋಡಲು ಪಟ್ಟಿ ಬಿಗಿದರೆ ಕೈ ಇನ್ನಷ್ಟು ಸೆಟೆಯಿತು. ಡ್ಯೂಟಿ ಡಾಕ್ಟರ್ ಹೇಳಿದ್ದೇನು ಗೊತ್ತೇ? "ಗಾಬರಿಗೆ ಹೀಗಾಗುತ್ತದೆ, ನಿಧಾನಕ್ಕೆ ಉಸಿರಾಡಿ." ರಕ್ತದ ವರದಿ ಬಂದಾಗ ಕ್ಯಾಲ್ಸಿಯಂ 6.4. ಆಮೇಲೆ ಎಲ್ಲರಿಗೂ ಓಟ, ಇಸಿಜಿ, ಕ್ಯಾಲ್ಸಿಯಂ ಗ್ಲುಕೋನೇಟ್. ಸೂಜಿ ಸರಿದು ಔಷಧ ರಕ್ತನಾಳದ ಹೊರಗೆ ಸೋರಿ ಮುಂಗೈ ಚರ್ಮ ಸತ್ತುಹೋಯಿತು. ಕತ್ತಿನ ಕಲೆ ಮಾಸಿದೆ, ಇದು ಮಾಸಿಲ್ಲ.

ಬಿಲ್ಲು ನೋಡಿ: ರಕ್ತನಾಳವನ್ನು ಶಾಖದಿಂದ ಮುಚ್ಚುವ ಸೀಲಿಂಗ್ ಉಪಕರಣ ₹28,500, ಧ್ವನಿನರದ ಮಾನಿಟರ್ ₹22,000, ಐಸಿಯು ದಿನಕ್ಕೆ ₹11,000. ವಿಮೆಯವರು ಮಾನಿಟರ್ ಕೈಬಿಟ್ಟರು, ಗ್ಲೌಸ್ ದುಡ್ಡನ್ನೂ ಕೈಬಿಟ್ಟರು. ಬಯಾಪ್ಸಿ ವರದಿಯ ಕೊನೆಯಲ್ಲಿ ಒಂದು ಪುಟ್ಟ ಸಾಲಿತ್ತು: ಮಾದರಿಯ ಜೊತೆ ಎರಡು ಪ್ಯಾರಾಥೈರಾಯ್ಡ್ ಗ್ರಂಥಿಗಳು ಕಂಡುಬಂದಿವೆ. ರಕ್ತದ ಕ್ಯಾಲ್ಸಿಯಂ ಕಾಯುವ ಈ ಪುಟ್ಟ ಗ್ರಂಥಿಗಳು ಥೈರಾಯ್ಡ್ ಹಿಂದೆ ಇರುವುದೇ ನಾಲ್ಕು! ಟೇಬಲ್ ಮೇಲೆಯೇ ಗುರುತಿಸಿದ್ದರೆ ಸಣ್ಣಗೆ ಕೊಚ್ಚಿ ಕತ್ತಿನ ಸ್ನಾಯುವಿನಲ್ಲಿ ಹುದುಗಿಸಬಹುದಿತ್ತು. ಉಳಿದೆರಡಕ್ಕೆ ಏನಾಯಿತೋ, ವರ್ಷ ಕಳೆದರೂ ಆ ಗ್ರಂಥಿಗಳ ಹಾರ್ಮೋನು ಪಿಟಿಎಚ್ ಮೇಲೆದ್ದಿಲ್ಲ. ಕ್ಯಾಲ್ಸಿಟ್ರಯಾಲ್ (ಚುರುಕುಗೊಂಡ ವಿಟಮಿನ್ ಡಿ), ಕ್ಯಾಲ್ಸಿಯಂ, ಪರೀಕ್ಷೆ ಎಲ್ಲ ಸೇರಿ ತಿಂಗಳಿಗೆ ₹2,300. ಜೀವನಪೂರ್ತಿ.

ಹಾಸನದ ಹಳಬ:
ಅದಕ್ಕೇ ಹೇಳುವುದು, ಯಂತ್ರ ನೋಡಿ ಮರುಳಾಗಬೇಡಿ, ಕೈ ನೋಡಿ. ನನ್ನ ಗಳಗಂಡ ಎದೆಯೆಲುಬಿನ ಹಿಂದಕ್ಕೆ ಇಳಿದಿತ್ತು, ಮಲಗಿದರೆ ಉಸಿರು ಕಟ್ಟುತ್ತಿತ್ತು. ನನ್ನ ಸರ್ಜನ್ ರಕ್ತನಾಳಗಳಿಗೆ ದಾರ ಕಟ್ಟಿಯೇ ಮಾಡಿದರು. ಅಪಧಮನಿಯ ಬುಡಕ್ಕೆ ಗಂಟು ಹಾಕದೆ, ಥೈರಾಯ್ಡ್ ಹೊದಿಕೆಗೆ ಅಂಟಿಕೊಂಡೇ ಒಂದೊಂದು ಕವಲನ್ನು ಕಟ್ಟುತ್ತಾ ಹೋಗುತ್ತಾರೆ. ಆ ಕವಲುಗಳೇ ಪ್ಯಾರಾಥೈರಾಯ್ಡ್‌ಗೆ ಜೀವ. ಗ್ರಂಥಿ ಉಳಿಸಿ ರಕ್ತ ಕಡಿದರೆ ಏನು ಬಂತು? ನನ್ನ ಕ್ಯಾಲ್ಸಿಯಂ 8.3ಕ್ಕಿಂತ ಕೆಳಗೆ ಇಳಿಯಲೇ ಇಲ್ಲ. ಒಟ್ಟು ಖರ್ಚು ₹71,400, ಕೊಠಡಿ ಬಾಡಿಗೆ ಸೇರಿ. ಬಿಲ್ಲು ಇಟ್ಟಿದ್ದೇನೆ.

ಇದು ಇಂದಿನ ಮಾತಲ್ಲ. ವಿಯೆನ್ನಾದ ಸರ್ಜನ್ ಬಿಲ್ರೋತ್ ಚುರುಕಿನ ಕೈಯವರು, ಅವರ ರೋಗಿಗಳಿಗೆ ಸೆಟೆತ ಬರುತ್ತಿತ್ತು. ಸ್ವಿಟ್ಜರ್ಲೆಂಡಿನ ಬರ್ನ್‌ನ ಸರ್ಜನ್ ಕೋಖರ್ ನಿಧಾನ, ಅಚ್ಚುಕಟ್ಟು, ರಕ್ತವಿಲ್ಲದ ಆಪರೇಷನ್. ಅವರ ರೋಗಿಗಳಿಗೆ ಸೆಟೆತ ಅಪರೂಪ. 1909ರಲ್ಲಿ ನೊಬೆಲ್ ಬಂದದ್ದು ಕೋಖರ್ ಅವರಿಗೆ.

ಕರಾವಳಿ ಹುಡುಗಿ:
ಅಂಕಲ್, ಅದೇ ಕೋಖರ್ ರೋಗಿಗಳು ಥೈರಾಯ್ಡ್ ಚೂರೂ ಉಳಿಯದೆ ಊದಿಕೊಂಡು ಮಂಕಾದರು ಎಂಬುದನ್ನೂ ಬರೆಯಿರಿ. ಆಗ ಥೈರಾಯ್ಡ್ ಹಾರ್ಮೋನಿನ ಥೈರಾಕ್ಸಿನ್ ಮಾತ್ರೆ ಇರಲಿಲ್ಲ. ಅರ್ಧ ಕತೆ ಹೇಳಬೇಡಿ.

ನಾನು ಬಾಯಿಯ ಒಳಗಿನಿಂದಲೇ ಮಾಡಿಸಿದೆ. ₹2.4 ಲಕ್ಷ, ವಿಮೆ ಕೊಟ್ಟದ್ದು ₹1.1 ಲಕ್ಷ, ಉಳಿದದ್ದು ನನ್ನ ಸಂಬಳದ್ದು. ಗದ್ದ ಎಷ್ಟೋ ವಾರ ಜೋಮು ಹಿಡಿದಿತ್ತು, ಗಂಜಿ ತುಟಿಯಿಂದ ಸುರಿದರೂ ಗೊತ್ತಾಗುತ್ತಿರಲಿಲ್ಲ. ಆದರೆ ಕತ್ತಿನಲ್ಲಿ ಗೆರೆಯೂ ಇಲ್ಲ, ಕ್ಯಾಲ್ಸಿಯಂ 9.1. ಕ್ಯಾಮೆರಾದಲ್ಲಿ ಎಲ್ಲವೂ ದೊಡ್ಡದಾಗಿ ಕಾಣುತ್ತದೆ, ಸರ್ಜನ್ನರ ಕನ್ನಡಕಕ್ಕಿಂತ ವಾಸಿ.

ಶಿರಸಿ ಕಡೆಯವಳು:
ತಂಗಿ, ಪೂರ್ತಿ ತೆಗೆದರೋ ಒಂದು ಬದಿಯೋ?

ಕರಾವಳಿ ಹುಡುಗಿ:
ಬಲಬದಿ. ಅದಕ್ಕೇನು?

ಶಿರಸಿ ಕಡೆಯವಳು:
ಅದಕ್ಕೇನೇ! ಎಡಬದಿಯ ಎರಡು ಪ್ಯಾರಾಥೈರಾಯ್ಡ್‌ಗಳನ್ನು ಯಾರೂ ಮುಟ್ಟಿಯೇ ಇಲ್ಲ, ಕ್ಯಾಲ್ಸಿಯಂ ಇಳಿಯುವುದಾದರೂ ಹೇಗೆ? ಇದನ್ನು ಕ್ಯಾಮೆರಾದ ಖ್ಯಾತಿಗೆ ಬರೆಯಬೇಡಿ.

ಕರಾವಳಿ ಹುಡುಗಿ:
ನೀವು ನೊಂದಿದ್ದೀರಿ ಎಂದು ಸುಮ್ಮನಿದ್ದೇನೆ. ಎಲ್ಲರಿಗೂ ನಿಮ್ಮಂತೆಯೇ ಆಗಬೇಕೆಂದಿಲ್ಲ ಅಕ್ಕ.

ಮಂಡ್ಯ ಮೇಷ್ಟ್ರು:
ನಮ್ಮ ಮನೆಯವರಿಗೂ ಆಪರೇಷನ್ ಆಗಿದೆ. ಮೊದಲ ತಿಂಗಳು ಕೈ ಜುಮುಗುಟ್ಟಿತು. ಎರಡು ಹೊತ್ತು ರಾಗಿ ಮುದ್ದೆ, ಬೆಳಿಗ್ಗೆ ಎಳ್ಳು ಹಾಕಿದ ರಾಗಿ ಅಂಬಲಿ. ಮಾತ್ರೆ ತಾನಾಗಿ ಬಿಟ್ಟುಹೋಯಿತು. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಇದನ್ನು ಯಾವ ಡಾಕ್ಟರೂ ಹೇಳುವುದಿಲ್ಲ.

ರಾತ್ರಿ ಪಾಳಿ, ಮಸ್ಕತ್:
ಮೇಷ್ಟ್ರೇ, ಬಹಳ ಜನರಿಗೆ ಪ್ಯಾರಾಥೈರಾಯ್ಡ್ ಕೆಲವು ವಾರಗಳಲ್ಲಿ ತಾನೇ ಚೇತರಿಸಿಕೊಳ್ಳುತ್ತದೆ. ಮುದ್ದೆ ತಿಂದರೂ ಅಷ್ಟೇ, ಚಪಾತಿ ತಿಂದರೂ ಅಷ್ಟೇ. ಆರು ತಿಂಗಳು ದಾಟಿಯೂ ಚೇತರಿಸದಿದ್ದರೆ ಶಾಶ್ವತ ಎನ್ನುವುದು ವಾಡಿಕೆ. ಪಿಟಿಎಚ್ ಇಲ್ಲದವರ ಮೂತ್ರಪಿಂಡ ವಿಟಮಿನ್ ಡಿಯನ್ನು ಸರಿಯಾಗಿ ಚುರುಕುಗೊಳಿಸುವುದಿಲ್ಲ, ಕರುಳು ಕ್ಯಾಲ್ಸಿಯಂ ಸಾಕಷ್ಟು ಹೀರುವುದಿಲ್ಲ. ಅದಕ್ಕೇ ಕ್ಯಾಲ್ಸಿಟ್ರಯಾಲ್.

ನಾನು ಸರ್ಜರಿ ವಾರ್ಡಿನ ನರ್ಸ್. ನನಗೆ ತಲೆ ಕೆಡುವುದು ಬೇರೆ ಕಾರಣಕ್ಕೆ. ಬೆಳಿಗ್ಗೆ ಥೈರಾಕ್ಸಿನ್ ಕೊಟ್ಟು ಬೆನ್ನು ತಿರುಗಿಸುವಷ್ಟರಲ್ಲಿ ಮನೆಯವರು ಹಾಲಿನ ಜೊತೆ ಕ್ಯಾಲ್ಸಿಯಂ ನುಂಗಿಸಿರುತ್ತಾರೆ. ನಾಲ್ಕು ಗಂಟೆ ಅಂತರ ಬೇಕು ಎಂದು ಎಷ್ಟು ಸಲ ಹೇಳುವುದು? ಆಮೇಲೆ ಥೈರಾಕ್ಸಿನ್ ಮೈಗೆ ಹತ್ತದೆ ಟಿಎಸ್‌ಎಚ್ (ಥೈರಾಯ್ಡ್ ಪರೀಕ್ಷೆಯ ಅಂಕಿ) ಏರಿತು ಎಂದು ನಮ್ಮ ಮೇಲೆಯೇ ಕೂಗಾಟ. ಗ್ರೇವ್ಸ್‌ನವರ ಮೂಳೆ ಮೊದಲೇ ಸವೆದಿರುತ್ತದೆ, ಆಪರೇಷನ್ ಆದೊಡನೆ ರಕ್ತದ ಕ್ಯಾಲ್ಸಿಯಂ ಎಳೆದುಕೊಳ್ಳುತ್ತದೆ. ಅವರ ವಿಟಮಿನ್ ಡಿ ಮೊದಲೇ ನೋಡಿಸಿರುವುದಿಲ್ಲ, ಎರಡನೆಯ ರಾತ್ರಿ ಗಂಟೆ ಒತ್ತುತ್ತಾರೆ.

ತುಮಕೂರು ರಸ್ತೆ:
ಧನ್ಯವಾದ ಸಿಸ್ಟರ್. ಹಾಗಾದರೆ ಆ ಇಬ್ಬರು ಸರ್ಜನ್ನರಲ್ಲಿ...

ಹಾಸನದ ಹಳಬ:
ಸಿಸ್ಟರ್ ದಾರದ ಬಗ್ಗೆ ಏನೂ ಹೇಳಲಿಲ್ಲ. ಬಿಸಿ ಉಪಕರಣದ ಶಾಖ ಪಕ್ಕಕ್ಕೆ ಹರಡುತ್ತದೋ ಇಲ್ಲವೋ?

ರಾತ್ರಿ ಪಾಳಿ, ಮಸ್ಕತ್:
ಹತ್ತಿರ ಒತ್ತಿದರೆ ಹರಡುತ್ತದೆ. ದಾರವನ್ನೂ ತಪ್ಪು ಜಾಗದಲ್ಲಿ ಕಟ್ಟಬಹುದು ಸರ್. ವರ್ಷಕ್ಕೆ ನೂರು ಮಾಡುವವರೋ ಐದು ಮಾಡುವವರೋ, ಮೊದಲು ಅದನ್ನು ಕೇಳಿ.

ಮಂಡ್ಯ ಮೇಷ್ಟ್ರು:
ರಾಗಿ ತಿಂದು ಗಟ್ಟಿಯಾದ ಜಿಲ್ಲೆ ನಮ್ಮದು. ಅದನ್ನು ಚಪಾತಿಗೆ ಹೋಲಿಸಿದಾಗಲೇ ಅರ್ಥವಾಯಿತು. ಮಾತ್ರೆ ಕಂಪನಿಯ ಪರ ಇಲ್ಲಿ ಎಷ್ಟು ಜನ ಇದ್ದೀರಿ ಎಂದು ಎಲ್ಲರೂ ನೋಡುತ್ತಿದ್ದಾರೆ.

ಶಿರಸಿ ಕಡೆಯವಳು:
ಆ ಕಂಪನಿ ದುಡ್ಡು ಕೊಡುವುದಾದರೆ ವಿಳಾಸ ಕೊಡಿ ಮೇಷ್ಟ್ರೇ, ಈ ತಿಂಗಳ ₹2,300 ಇನ್ನೂ ಅಂಗಡಿಗೆ ಬಾಕಿ ಇದೆ.