ಇಂಡಿಯಾ ಗೇಟ್ ಮೇಲೆ ಯಾರ ಹೆಸರು?

ದೊಡ್ಡಪ್ಪ: (ಫಾರ್ವರ್ಡ್) ದಿಲ್ಲಿಯ ಇಂಡಿಯಾ ಗೇಟ್ ಮೇಲೆ 95,300 ಸ್ವಾತಂತ್ರ್ಯ ಹೋರಾಟಗಾರರ ಹೆಸರಿವೆ. ನಿಜವಾದ ಭಾರತೀಯರಾದರೆ ಎಲ್ಲ ಗುಂಪಿಗೂ ಕಳಿಸಿ 🙏

ಮೇಘನಾ: ದೊಡ್ಡಪ್ಪ, ಇದು ಸುಳ್ಳು. ಅಲ್ಲಿ ಕೆತ್ತಿರೋದು 13,000 ಚಿಲ್ಲರೆ ಹೆಸರು. ಅವರು ಹೋರಾಟಗಾರರಲ್ಲ, ಬ್ರಿಟಿಷ್ ಇಂಡಿಯನ್ ಆರ್ಮಿಯವರು. ಬಹುಪಾಲು ಜನ ಮೊದಲ ಮಹಾಯುದ್ಧದ ಕಾಲದಲ್ಲಿ ವಾಯವ್ಯ ಗಡಿಯಲ್ಲಿ, ಇಲ್ಲವೇ 1919ರ ಆಫ್ಘನ್ ಯುದ್ಧದಲ್ಲಿ ಸತ್ತವರು. 1931ರ ಫೆಬ್ರವರಿಯಲ್ಲಿ ಉದ್ಘಾಟನೆ ಮಾಡಿದ್ದು ವೈಸರಾಯ್ ಇರ್ವಿನ್.

ಕಿರಣ: ಹಾಗಿದ್ಮೇಲೆ ನಾವ್ಯಾಕೆ ಕೈ ಮುಗೀಬೇಕು? ಅಡಿಗಲ್ಲು ಹಾಕಿದ್ದು 1921ರಲ್ಲಿ. ಜಲಿಯನ್‌ವಾಲಾ ಬಾಗ್ ಆಗಿ ಎರಡು ವರ್ಷವೂ ತುಂಬಿರಲಿಲ್ಲ. ಹತ್ತು ಲಕ್ಷಕ್ಕೂ ಹೆಚ್ಚು ಜನರನ್ನ ಮೊದಲ ಮಹಾಯುದ್ಧಕ್ಕೆ ಕರ್ಕೊಂಡು ಹೋಗಿ ನಮಗೆ ಕೊಟ್ಟಿದ್ದೇನು? ವಿಚಾರಣೆ ಇಲ್ದೆ ಜೈಲಿಗೆ ಹಾಕೋ ರೌಲತ್ ಕಾಯ್ದೆ!

ಮೇಘನಾ: ಆ ಸಿಟ್ಟು ನನಗೂ ಇದೆ ಕಿರಣಣ್ಣ. ಅದು ಕಳಿಸಿದವರ ಮೇಲಿರಲಿ, ಸತ್ತವರ ಮೇಲೆ ಯಾಕೆ? ಫ್ರಾನ್ಸಿನ ನ್ಯೂವ್ ಶಾಪೆಲ್‌ನಲ್ಲಿ 1927ರಲ್ಲಿ ಭಾರತೀಯರಿಗೇ ಅಂತ ಒಂದು ಸ್ಮಾರಕ ಕಟ್ಟಿದ್ರು. ಗೋರಿ ಸಿಗದ 4,700ಕ್ಕೂ ಹೆಚ್ಚು ಜನರ ಹೆಸರು ಅಲ್ಲಿವೆ. ಹಳ್ಳೀಲಿದ್ದ ಅವರ ಮನೆಯವರು ಅಷ್ಟು ದೂರ ಹೋಗಿ ಆ ಹೆಸರು ನೋಡೋದು ಸಾಧ್ಯವಿತ್ತಾ?

ಸುಧಾ ಅತ್ತೆ: ನಮ್ಮ ಕಡೆಯವರು ಯಾರಾದ್ರೂ ಇದ್ರಾ ಮೇಘಾ?

ಮೇಘನಾ: ಇದ್ರು ಅತ್ತೆ, ಮೈಸೂರು ಲ್ಯಾನ್ಸರ್ಸ್, ಅಂದ್ರೆ ಮೈಸೂರು ಮಹಾರಾಜರ ಕುದುರೆ ಪಡೆ. 1918ರ ಸೆಪ್ಟೆಂಬರ್ 23, ಈಗಿನ ಇಸ್ರೇಲಿನ ಹೈಫಾ ಊರು. ಅಲ್ಲಿನ ಕಾರ್ಮೆಲ್ ಬೆಟ್ಟದ ಮೇಲೆ ತುರ್ಕಿ ಕಡೆಯವರ ಫಿರಂಗಿ, ಮೆಷಿನ್ ಗನ್. ನಮ್ಮವರು ಭರ್ಜಿ ಹಿಡಿದು ಕುದುರೆ ಮೇಲೆ ಆ ಇಳಿಜಾರು ಹತ್ತಿದ್ರು, ಜೋಧಪುರದವರು ಊರೊಳಗೆ ನುಗ್ಗಿದ್ರು. ದಿಲ್ಲಿಯ ತೀನ್ ಮೂರ್ತಿಯಲ್ಲಿ ನಿಂತಿರೋ ಮೂವರು ಕಂಚಿನ ಸೈನಿಕರಲ್ಲಿ ಒಬ್ಬ ಮೈಸೂರಿನವನು. ಬೆಂಗಳೂರಲ್ಲೇ ಜೆ.ಸಿ. ನಗರದಲ್ಲೂ ಅವರ ಸ್ಮಾರಕ ಇದೆ.

ಸುಧಾ ಅತ್ತೆ: ಅಯ್ಯೋ, ಆ ರಸ್ತೇಲಿ ಎಷ್ಟು ಸಲ ಓಡಾಡಿದ್ದೀನಿ! ಒಬ್ಬರೂ ಹೇಳಲಿಲ್ಲ ನೋಡು.

ಕಿರಣ: ಮಹಾರಾಜರ ಪಡೆ ಇರಬಹುದು. ಹೋಗಿದ್ದು ಸಾಮ್ರಾಜ್ಯದ ಕೆಲಸಕ್ಕೇ ತಾನೇ?

ದೊಡ್ಡಪ್ಪ: ಅದಕ್ಕೇ ಹೇಳಿದ್ದು. ಹೋರಾಟಗಾರರು ಅಂದ್ರೆ ಏನು ನಷ್ಟ? ಗೌರವ ತಾನೇ ಕೊಡ್ತಿರೋದು?

ಮೇಘನಾ: ಇಬ್ಬರಿಗೂ ಅನ್ಯಾಯ ಆಗುತ್ತೆ ದೊಡ್ಡಪ್ಪ. 1931ರಲ್ಲಿ ಆ ಕಮಾನು ಉದ್ಘಾಟನೆ ಆದಾಗ ಗಾಂಧೀಜಿ ಜೈಲಿಂದ ಬಿಡುಗಡೆಯಾಗಿ ಮೂರು ವಾರವೂ ಆಗಿರಲಿಲ್ಲ. ಉಪ್ಪಿನ ಸತ್ಯಾಗ್ರಹದಲ್ಲಿ ಲಾಠಿ ಏಟು ತಿಂದವರ ಹೆಸರು ಯಾವ ಕಮಾನಿನ ಮೇಲೂ ಬರಲಿಲ್ಲ. ಈ ಮೆಸೇಜು ಅವರ ಕಥೆಯನ್ನೂ ಮುಚ್ಚುತ್ತೆ, ಆ ಸಿಪಾಯಿಗಳ ಕಥೆಯನ್ನೂ ಮುಚ್ಚುತ್ತೆ. ದಯವಿಟ್ಟು ಡಿಲೀಟ್ ಮಾಡಿ. ವಾಕಿಂಗ್ ಗುಂಪಿಗೂ ಹಾಕಿದ್ದೀರಾ?

ದೊಡ್ಡಪ್ಪ: ಬೆಳಿಗ್ಗೇನೇ ಹಾಕಿದ್ದೀನಿ. ಅಲ್ಲಿ ಸೈನ್ಯದಿಂದ ನಿವೃತ್ತರಾದ ಒಬ್ಬರಿದ್ದಾರೆ, ನೀನು ಬರೆದಿದ್ದನ್ನೂ ಅವರಿಗೆ ಕಳಿಸ್ತೀನಿ. ಏನಂತಾರೋ ನೋಡೋಣ.

ಕಿರಣ: ಜೆ.ಸಿ. ನಗರಕ್ಕೆ ಬೇಕಾದ್ರೆ ಬರ್ತೀನಿ ಮೇಘಾ. ಇರ್ವಿನ್ ಕಮಾನಿಗೆ ಮಾತ್ರ ಕೈ ಮುಗಿಯಲ್ಲ.